ಮಿನಿಸ್ಟರ್ ಮನೆ ಮುಂದೆ ಬೆಳಗ್ಗೆ ಆರೂವರೆಗೇ ಇನ್ನೂರು ಜನ, ಇವ್ರು ಇಲಾಖೆ ಕೆಲಸ ಯಾವಾಗ ಮಾಡ್ತಾರೆ?

ಹೆಬ್ಬಾಳದ_ಹುಡುಗ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಹೋದ ಸೋಮವಾರ ನಮ್ಮ ಸೋದರಮಾವ ಊರಿಂದ ರಾತ್ರಿ ಬಸ್ ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಬಂದಿಳಿದ್ರು. ತಾತ ತೀರ್ಕೊಂಡು 11 ವರ್ಷ ಆಯ್ತು, ಇವತ್ತಿಗೂ ಪಹಣಿ ತಾತನ ಹೆಸರಲ್ಲೇ ಇದೆ. ಪೌತಿ ಖಾತೆ (ಸತ್ತವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡೋದು) ಆಗಿಲ್ಲ ಅಂತ ಸೊಸೈಟೀಲಿ ಸಾಲ ಇಲ್ಲ, ಬೆಳೆ ಪರಿಹಾರ ಬಂದ್ರೂ ಸತ್ತವರ ಹೆಸರಿಗೆ ಬರ್ಬೇಕು. ನಮ್ಮ ತಾಲೂಕಿನ ಎಮ್ಮೆಲ್ಲೆ ಈಗ ಮಿನಿಸ್ಟರ್ (ಹೆಸರು ಬೇಡ), ಅವ್ರ ಮನೆಗೆ ಹೋಗೋಣ ನಡಿ ಅಂದ್ರು ಮಾವ, ನಾನೂ ರಜಾ ಹಾಕಿ ಜೊತೆಗೆ ಹೋದೆ.

ಆರೂವರೆಗೆ ಗೇಟ್ ಹತ್ರ ನಿಂತಾಗಲೇ ಇನ್ನೂರು ಜನ ಇರ್ಬೋದು. ಕಿಡ್ನಿ ಪೇಷೆಂಟ್ ಕರ್ಕೊಂಡು ಬಂದೋರು, ಟ್ರಾನ್ಸ್‌ಫರ್‌ಗೆ ಬಂದ ಮೇಷ್ಟ್ರು, ಮದುವೆ ಕಾರ್ಡ್ ಹಿಡ್ಕೊಂಡ ಗಂಡ ಹೆಂಡ್ತಿ, ದೇವಸ್ಥಾನದ ಜೀರ್ಣೋದ್ಧಾರದವ್ರು, ಹಾಸ್ಟೆಲ್ ಸೀಟ್ ಕೇಳ್ಕೊಂಡು ಬಂದ ಒಂದು ಹುಡುಗಿ. ಏಳೂಕಾಲಿಗೆ ಮಿನಿಸ್ಟರ್ ಹೊರಗೆ ಬಂದ್ರು. ಕಣ್ಣು ಕೆಂಪಗಿತ್ತು, ರಾತ್ರಿ ಕ್ಷೇತ್ರದಿಂದ ವಾಪಸ್ ಬಂದಾಗ ಎರಡು ಗಂಟೆ ಆಗಿತ್ತಂತೆ. ನಮ್ಮ ಸರದಿ ಬಂದಾಗ ಮಾವನ್ನ ಹೆಸರು ಹಿಡಿದು ಮಾತಾಡಿಸಿದ್ರು, ಮೊಣಕಾಲು ನೋವು ಹೆಂಗಿದೆ ಅಂದ್ರು, ಅರ್ಜಿ ಮೇಲೆ 'ತಹಶೀಲ್ದಾರ್, ನಿಯಮಾನುಸಾರ ಕ್ರಮ ವಹಿಸುವುದು' ಅಂತ ಬರೆದು ಸೈನ್ ಹಾಕಿದ್ರು. ಒಂದು ನಿಮಿಷ ಕೂಡ ಆಗ್ಲಿಲ್ಲ. ಮಾವನಿಗೆ ಮಾತ್ರ ಜನ್ಮ ಸಾರ್ಥಕ ಆದಷ್ಟು ಖುಷಿ.

ನನ್ನ ತಲೇಲಿ ಕೊರೀತಿರೋದು ಏನಂದ್ರೆ, ಈ ಮನುಷ್ಯ ಒಂದು ದೊಡ್ಡ ಇಲಾಖೆ ನಡೆಸ್ಬೇಕು, ಸದನದಲ್ಲಿ ಉತ್ತರ ಕೊಡ್ಬೇಕು, ಫೈಲ್ ಓದ್ಬೇಕು. ಯಾವಾಗ? ಇದು ಸರೀನಾ? ತಪ್ಪು ಯಾರದ್ದು, ಹೋದ ನಮ್ಮದಾ, ಬಾಗಿಲು ತೆಗೆದ ಅವರದ್ದಾ?

ರಾಗಿಮುದ್ದೆ_77
ತಪ್ಪು ನಾಡಕಚೇರಿದು ಕಣ್ರೀ. ಅಲ್ಲಿ ಕೆಲಸ ಆಗಿದ್ರೆ ನಿಮ್ಮ ಮಾವ ಬಸ್ ಯಾಕೆ ಹತ್ತೋರು.

ವೈಟ್‌ಫೀಲ್ಡ್_ವೋಟರ್
ಕ್ಷಮಿಸಿ, ನನಗೆ ಅಯ್ಯೋ ಅನ್ಸಲ್ಲ. ಮಂತ್ರಿ ಆದ್ಮೇಲೆ ಇಡೀ ರಾಜ್ಯಕ್ಕೆ ಮಂತ್ರಿ. ಇವ್ರು ನೋಡಿದ್ರೆ ತಮ್ಮ ಒಂದೇ ತಾಲೂಕಿಗೆ ಬಾಗಿಲು ತೆಗೀತಾರೆ. 2025 ಮಾರ್ಚಲ್ಲಿ ಸಂಬಳ ಡಬಲ್ ಮಾಡ್ಕೊಂಡ್ರಲ್ಲ, ಮಂತ್ರಿಗಳದ್ದು 60 ಸಾವಿರದಿಂದ 1.25 ಲಕ್ಷ, ಶಾಸಕರದ್ದು 40 ಸಾವಿರದಿಂದ 80 ಸಾವಿರ, ಅದೂ ಸದನದಲ್ಲಿ ಗಲಾಟೆ ನಡೀತಿದ್ದಾಗ ಚರ್ಚೆನೇ ಇಲ್ದೆ ಪಾಸ್ ಆಯ್ತು. ಅಷ್ಟು ತಗೊಂಡ್ಮೇಲೆ ಫೈಲ್ ಓದ್ಲಿ, ಅದೇ ಅವ್ರ ಕೆಲಸ.

ಬೆಳವಲ_ಸೀಮೆ
@ವೈಟ್‌ಫೀಲ್ಡ್_ವೋಟರ್ ಅಣ್ಣಾರ, ನಿಮ್ಗ ಕಚೇರಿ ಎಲ್ಲಾ ಮೊಬೈಲ್‌ನ್ಯಾಗ ಅದಾವು, ನಮ್ಗ ಹಂಗಿಲ್ಲ. ನಮ್ಮೂರಾಗ ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಆತು, ಕಡ್ಲಿಗೆ ನೀರು ಬಿಡಬೇಕು, ಲೈನ್‌ಮನ್ ಫೋನ್ ಎತ್ತೂದಿಲ್ಲ. ಸಾಹೇಬ್ರಿಗೆ ಫೋನ್ ಹಚ್ಚಿದ್ವಿ, ಮರುದಿನ ಸಂಜಿಗೆ ಟಿಸಿ (ಟ್ರಾನ್ಸ್‌ಫಾರ್ಮರ್) ಬಂತು. ಆವಾಗ ಅವ್ರು ಯಾವ ಫೈಲ್ ಓದಾಕತ್ತಿದ್ರು ಅಂತ ನಾವ್ ಕೇಳ್ಬೇಕಿತ್ತೇನ್ರಿ?

ವೈಟ್‌ಫೀಲ್ಡ್_ವೋಟರ್
@ಬೆಳವಲ_ಸೀಮೆ ಟಿಸಿ ಬಂದಿದ್ದು ಒಳ್ಳೇದೇ. ಆದ್ರೆ ಫೋನ್ ನಂಬರ್ ಇಲ್ಲದ ಪಕ್ಕದೂರಿಗೆ ಬರ್ಲಿಲ್ವಲ್ಲ. ನಿಮಗೆ ಒಂದು ದಿನ ಮೊದ್ಲು ಬಂದಿದ್ದಕ್ಕೆ ಬೇರೆ ಯಾರಿಗೋ ಒಂದು ವಾರ ತಡ ಆಗಿರುತ್ತೆ. ನಾನು ಹೇಳ್ತಿರೋದು ಇಷ್ಟೇ.

ಹಳೇ_ಪಿಎ
ನಾನು 9 ವರ್ಷ ಒಬ್ಬ ಹಳ್ಳಿ ಕಡೆ ಶಾಸಕರ ಹತ್ರ ಪಿಎ ಆಗಿದ್ದೆ, ಅವ್ರು ಮಂತ್ರಿ ಆದ್ಮೇಲೂ ಇದ್ದೆ. ಹೆಸರು, ಪಕ್ಷ, ಜಿಲ್ಲೆ ಏನೂ ಹೇಳಲ್ಲ. ದಿನ ಹೆಂಗಿರುತ್ತೆ ಅಂತ ಹೇಳ್ತೀನಿ, ಆಮೇಲೆ ನೀವು ಬೈಯ್ಯಿರಿ.

ಬೆಳಗ್ಗೆ ಆರಕ್ಕೆ ಜನ. ಒಂಬತ್ತೂವರೆವರೆಗೂ ಜನ. ಹತ್ತಕ್ಕೆ ವಿಧಾನಸೌಧದ ಚೇಂಬರ್, ಅಲ್ಲೂ ಪಾಸ್ ಮಾಡಿಸ್ಕೊಂಡು ಬಂದ ಜನ. ಮಧ್ಯದಲ್ಲಿ ಇಲಾಖೆ ರಿವ್ಯೂ ಮೀಟಿಂಗ್. ಕ್ಯಾಬಿನೆಟ್ ಇರೋ ದಿನ ಟಿಪ್ಪಣಿ ಓದೋಕೆ ಹಿಂದಿನ ರಾತ್ರಿ ಮಾತ್ರ ಟೈಮು. ಶುಕ್ರವಾರ ಸಂಜೆ ಗಾಡಿ ಹತ್ತಿದ್ರೆ ಕ್ಷೇತ್ರ, ಶನಿವಾರ ಭಾನುವಾರ ಎಣಿಸಿದ್ರೆ ಹದಿನಾಲ್ಕು ಮದುವೆ, ಎರಡು ತಿಥಿ, ಒಂದು ಗೃಹಪ್ರವೇಶ, ಒಂದು ತೇರು. ಮದುವೆಗೆ ಹೋಗದಿದ್ರೂ ಕ್ಷಮಿಸ್ತಾರೆ, ಸಾವಿನ ಮನೆಗೆ ಹೋಗದಿದ್ರೆ ಮೂರು ತಲೆಮಾರು ನೆನಪಿಟ್ಕೋತಾರೆ. ಅದಕ್ಕೇ ನಮ್ಮ ಹತ್ರ ಒಂದು ಪುಸ್ತಕ ಇತ್ತು, ಯಾರ ಮನೇಲಿ ಯಾರು ತೀರ್ಕೊಂಡ್ರು, ಯಾವತ್ತು ಹೋಗಿ ಬಂದ್ವಿ ಅಂತ. ಮದುವೆಗೆ ಕೈಲಿ ಮುಯ್ಯಿ ಹಿಡಿದೇ ಹೋಗ್ಬೇಕು. ಅವರ ಮನೆಯಾಕೆ ಊರಲ್ಲೇ ಇದ್ರು, ದಿನಕ್ಕೆ ನೂರು ಲೋಟ ಕಾಫಿ ಕಾಯಿಸಿ ಕೈ ಸೋತು ಹೋಗಿತ್ತು ಆ ತಾಯಿಗೆ. ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಿದ್ದು ಸಾಹೇಬ್ರಿಗೆ ಗೊತ್ತಾಗಿದ್ದು ಮೂರನೇ ದಿನ, ಅದೂ ನಾನು ಹೇಳಿದ್ದಕ್ಕೆ.

ಫೈಲ್ ನೋಡ್ತಿದ್ದಿದ್ದು ಕಾರಲ್ಲಿ. ಹಿಂದಿನ ಸೀಟಲ್ಲಿ ಲೈಟ್ ಹಾಕ್ಕೊಂಡು ನಾನು ಸಾರಾಂಶ ಓದ್ತಿದ್ದೆ, ಅವ್ರು ಕಣ್ಣು ಮುಚ್ಕೊಂಡು ಕೇಳ್ತಿದ್ರು. ಎಷ್ಟೋ ಸಲ ನಿದ್ದೆ ಹೋಗ್ತಿದ್ರು, ಎಬ್ಬಿಸೋಕೆ ಮನಸ್ಸು ಬರ್ತಿರ್ಲಿಲ್ಲ. ಆ ಫೈಲ್ ಇನ್ನೊಂದು ವಾರ ಹಂಗೇ ಉಳೀತಿತ್ತು, ಅದೂ ಯಾರದ್ದೋ ಬದುಕೇ ಅಲ್ವಾ.

ಮತ್ತೆ @ಹೆಬ್ಬಾಳದ_ಹುಡುಗ, ಬೇಜಾರ್ ಮಾಡ್ಕೋಬೇಡಿ. 'ನಿಯಮಾನುಸಾರ' ಅಂತ ಬರೆದಿದ್ರೆ ತಹಶೀಲ್ದಾರ್‌ಗೆ ಅದು ಆದೇಶ ಅಲ್ಲ. ದಿನಕ್ಕೆ ಅಂಥದ್ದು ನೂರೈವತ್ತು ಬರೀತಿದ್ವಿ. ನಿಜವಾಗ್ಲೂ ಆಗ್ಬೇಕು ಅಂದ್ರೆ ಫೋನ್ ಮಾಡ್ತಿದ್ವಿ, ದಿನಕ್ಕೆ ನಾಲ್ಕೋ ಐದೋ. ಆ ಐದು ಯಾವ್ದು ಅಂತ ಆರಿಸೋದೇ ನನ್ನ ಕೆಲಸ ಆಗಿತ್ತು. ಆ ಭಾರ ಈಗ್ಲೂ ಮನಸ್ಸಲ್ಲಿದೆ.

ಹೆಬ್ಬಾಳದ_ಹುಡುಗ
@ಹಳೇ_ಪಿಎ ಸರ್, ಓದಿ ಸುಮ್ನೆ ಕೂತ್ಕೊಂಡೆ. ಮಾವ ಆ ಕಾಗದನ ಪ್ಲಾಸ್ಟಿಕ್ ಕವರ್ ಹಾಕಿಸಿ ಬೀರುಲಿ ಇಟ್ಟಿದ್ದಾರೆ.

ಕರಾವಳಿ_ಗಾಳಿ
ನಮ್ಮ ಊರಲ್ಲಿ ಬ್ರಹ್ಮಕಲಶ, ಕಂಬಳ, ಯಕ್ಷಗಾನದ ಸ್ಟೇಜು ಎಲ್ಲದಕ್ಕೂ ಶಾಸಕರು ಬರ್ಲೇಬೇಕು ಮಾರಾಯ್ರೆ. ಬಾರದಿದ್ರೆ ಅಹಂಕಾರ ಅಂತಾರೆ, ಬಂದ್ರೆ ಇವ್ರಿಗೆ ಬೇರೆ ಕೆಲಸ ಇಲ್ವಾ ಅಂತಾರೆ.

ಗ್ಯಾಲರಿ_ಸೀಟು
ಪತ್ರಕರ್ತೆ ನಾನು, ಸುಮಾರು ವರ್ಷದಿಂದ ಅಧಿವೇಶನ ಕವರ್ ಮಾಡ್ತೀನಿ. ಇದರ ಇನ್ನೊಂದು ಮುಖ ಮೇಲೆ ಕೂತಾಗ ಕಾಣುತ್ತೆ.

224 ಜನ ಕೂರೋ ಸಭೆ. ಕೋರಂಗೆ, ಅಂದ್ರೆ ಸಭೆ ನಡೆಸೋಕೆ, ಹತ್ತರಲ್ಲಿ ಒಂದು ಪಾಲು ಜನ ಇದ್ರೆ ಸಾಕು, ಅಷ್ಟಕ್ಕೂ ಬೆಲ್ ಹೊಡೆದು ಹೊಡೆದು ಕಾಯೋದನ್ನ ನೋಡಿದೀನಿ. ಬಜೆಟ್ 4 ಲಕ್ಷ ಕೋಟಿ ದಾಟಿದೆ. ಇಲಾಖೆ ಬೇಡಿಕೆಗಳ ಮೇಲೆ ಚರ್ಚೆ ನಡೆಯೋವಾಗ ಮಧ್ಯಾಹ್ನದ ಮೇಲೆ ಬೆಂಚುಗಳು ಖಾಲಿ. ಎಲ್ಲೋದ್ರು ಅಂತ ನೋಡಿದ್ರೆ ಮೊಗಸಾಲೇಲಿ ಇರ್ತಾರೆ, ಯಾವುದೋ ಮಂತ್ರಿ ಹಿಂದೆ ಕಾಗದ ಹಿಡ್ಕೊಂಡು ಓಡ್ತಿರ್ತಾರೆ. ಅಂದ್ರೆ ಬೆಳಗ್ಗೆ ಜನ ಶಾಸಕರ ಹಿಂದೆ ಓಡ್ತಾರೆ, ಮಧ್ಯಾಹ್ನ ಶಾಸಕರು ಮಂತ್ರಿ ಹಿಂದೆ ಓಡ್ತಾರೆ, ಕಾಗದ ಅದೇ.

ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೀಬೇಕು ಅಂತ 2005ರಲ್ಲಿ ಇದೇ ಸದನ ಕಾಯ್ದೆ ಮಾಡ್ತು. ಅದನ್ನ ಪಾಲಿಸೋದು ಕಷ್ಟ ಆಗಿದೆ. ಬೆಳಗಾವಿ ಸುವರ್ಣಸೌಧ 2012ರಲ್ಲಿ ಉದ್ಘಾಟನೆ ಆಯ್ತು, ಉತ್ತರ ಕರ್ನಾಟಕದ ಸಮಸ್ಯೆ ಚರ್ಚೆ ಆಗ್ಲಿ ಅಂತಾನೇ ಅಲ್ಲಿ ಅಧಿವೇಶನ, ಅಲ್ಲೂ ಆ ವಿಷಯಕ್ಕೆ ಕೊನೇ ಎರಡು ದಿನ ಸಿಕ್ಕಿದ್ರೆ ಪುಣ್ಯ.

ಹಾಗಂತ ಎಲ್ರೂ ಹಂಗಲ್ಲ. ಒಬ್ಬ ಹೊಸ ಶಾಸಕರು, ಹಳ್ಳಿಯವ್ರು, ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಹೇಳ್ಬೇಕಾದ್ದು) ಹಾಕಿ ಉತ್ತರ ಬಂದ್ಮೇಲೆ ಎರಡು ಉಪಪ್ರಶ್ನೆ ಎಷ್ಟು ಚೆನ್ನಾಗಿ ಕೇಳಿದ್ರು ಅಂದ್ರೆ ಮಂತ್ರಿಗಳು ಅಧಿಕಾರಿಗಳ ಗ್ಯಾಲರಿ ಕಡೆ ತಿರುಗಿ ಚೀಟಿ ತರಿಸ್ಕೋಬೇಕಾಯ್ತು. ಆ ಒಂದು ಪ್ರಶ್ನೆಯಿಂದ ಬಾಕಿ ಇದ್ದ ಅಂಗನವಾಡಿ ಬಾಡಿಗೆ ಹಣ ಬಿಡುಗಡೆ ಆಯ್ತು. ಮಾರನೇ ದಿನ ಅವ್ರ ಊರಿಂದ ಬಂದ ಫೋನ್ ಏನು ಗೊತ್ತಾ? 'ಎಲ್ಲಿದ್ದೀರಾ, ನಮ್ಮ ಮದುವೆಗೆ ಬರ್ಲಿಲ್ಲ' ಅಂತ. ಅವ್ರೇ ಹೇಳಿದ್ದು ನನಗೆ, ಕಣ್ಣಲ್ಲಿ ನೀರಿತ್ತು.

ರಾಗಿಮುದ್ದೆ_77
ಶಾಸಕರ ಭವನದ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮಪ್ಪನಿಗೆ ಕಿದ್ವಾಯಿಲಿ ಟ್ರೀಟ್‌ಮೆಂಟ್ ನಡೀವಾಗ ಲಾಡ್ಜ್ ಮಾಡೋಕೆ ದುಡ್ಡಿಲ್ದೆ ನಾವು ಎಲ್ಎಚ್‌ನಲ್ಲಿ (ಶಾಸಕರ ಭವನಕ್ಕೇ ಹಂಗಂತಾರೆ) ನಮ್ಮ ಎಮ್ಮೆಲ್ಲೆ ರೂಮಲ್ಲೇ 22 ದಿನ ಇದ್ವಿ. ನೆಲದ ಮೇಲೆ ಒಂಬತ್ತು ಜನ, ಒಬ್ರು ಜಯದೇವಕ್ಕೆ, ಒಬ್ರು ನಿಮ್ಹಾನ್ಸ್‌ಗೆ, ಇಬ್ರು ಹುಡುಗ್ರು ಪೊಲೀಸ್ ಪರೀಕ್ಷೆಗೆ. ಮಂಚದ ಮೇಲೆ ನಮ್ಮಪ್ಪ. ಎಮ್ಮೆಲ್ಲೆ ರಾತ್ರಿ ಬಂದ್ರೆ ಚಾಪೆ ಹಾಸ್ಕೊಂಡು ಮಲ್ಗೋರು. ಅವರ ಪಕ್ಷಕ್ಕೆ ನಾವು ಯಾವತ್ತೂ ವೋಟ್ ಹಾಕಿರ್ಲಿಲ್ಲ, ಅವ್ರಿಗೂ ಗೊತ್ತಿತ್ತು.

ಬೀದರ್_ಬಸ್
@ರಾಗಿಮುದ್ದೆ_77 ನಿಜ ಅದಾ. ನಮ್ ಬೀದರ್‌ದಿಂದ ಬೆಂಗ್ಳೂರು 700 ಕಿಲೋಮೀಟರ್. ಅಲ್ಲಿಂದ ಬಂದವ್ರಿಗಿ ಈ ಊರಾಗ ಗೊತ್ತಿರೋ ಬಾಗ್ಲ ಅದೊಂದೇ ನೋಡ್ರಿ. ಹೈದರಾಬಾದ್ ನಮಗ ಇದಕ್ಕಿಂತ ಹತ್ರ.

ತುಂಗಾ_ತೀರ
ನಮ್ಮ ದೊಡ್ಡಜ್ಜ ಹಿಂದೆ ಒಂದು ಅವಧಿ ಎಮ್ಮೆಲ್ಲೆ ಆಗಿದ್ರು, ಅಡಿಕೆ ತೋಟ ಮೂರೆಕರೆ. ಅಧಿವೇಶನಕ್ಕೆ ಟ್ರಂಕ್ ಹಿಡ್ಕೊಂಡು ಬಸ್ಸಲ್ಲೇ ಹೋಗ್ತಿದ್ರಂತೆ. ನಮ್ಮ ಕಡೆ ಶಾಂತವೇರಿ ಗೋಪಾಲಗೌಡರ ಹೆಸರು ತೆಗೆದ್ರೆ ಇವತ್ತಿಗೂ ವಯಸ್ಸಾದವ್ರು ಎದ್ದು ಕೂರ್ತಾರೆ. 1951ರ ಕಾಗೋಡು ಸತ್ಯಾಗ್ರಹ (ಗೇಣಿದಾರರ ಹೋರಾಟ), 1952ಕ್ಕೆ ಮೊದಲನೇ ಚುನಾವಣೇಲೇ ಶಾಸಕರು. ಗೇಣಿದಾರನ ಮಾತನ್ನ ಸದನದ ಒಳಗೆ ಆಡಿದವ್ರು, 1972ರಲ್ಲಿ 50 ತುಂಬೋಕ್ಕೆ ಮೊದ್ಲೇ ಹೋಗ್ಬಿಟ್ರು. ಭೂಮಿ ಪ್ರಶ್ನೆಗೆ ಕಾನೂನು ಸಿಕ್ಕಿದ್ದು ಅದಾದ್ಮೇಲೆ 1974ರಲ್ಲಿ, ಅರಸು ಕಾಲದಲ್ಲಿ. ಉಳುಮೆ ಮಾಡ್ತಿದ್ದ ಜಮೀನು ತಮಗೆ ಕೊಡಿ ಅಂತ ಗೇಣಿದಾರರು ಹಾಕಿದ ಅರ್ಜಿ ಅದು, ನಮ್ಮಜ್ಜಿ ಫಾರಂ ನಂಬರ್ 7 ಅಂತ ಇವತ್ತಿಗೂ ಹೇಳ್ತಾರೆ, ದೇವರ ಹೆಸರು ಹೇಳಿದಂಗೆ. ಒಂದು ಕಾಯ್ದೆಯಿಂದ ಆದಷ್ಟು ಕೆಲಸ ಸಾವಿರ ಶಿಫಾರಸು ಪತ್ರದಿಂದ ಆಗಲ್ಲ, ನನ್ನ ಅಭಿಪ್ರಾಯ.

ನಿವೃತ್ತ_ಸೆಕ್ಷನ್
ತುಂಗಾ ತೀರದವರ ಮಾತಿಗೆ ಒಂದು ಸೇರಿಸ್ತೀನಿ. ಸಚಿವಾಲಯದಲ್ಲಿ 34 ವರ್ಷ ಇದ್ದವನು ನಾನು.

ನಜೀರ್ ಸಾಬ್ ಅವರನ್ನ ನೆನೆಸ್ಕೊಳ್ದೆ ಈ ಚರ್ಚೆ ಪೂರ್ತಿ ಆಗಲ್ಲ. ಅಬ್ದುಲ್ ನಜೀರ್ ಸಾಬ್, ಗುಂಡ್ಲುಪೇಟೆಯವ್ರು, 1983ರ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಪಂಚಾಯತ್ ರಾಜ್ ಮಂತ್ರಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದ್ರು. ಅದು ಎಲ್ರಿಗೂ ಗೊತ್ತು. ಅವ್ರ ದೊಡ್ಡ ಕೆಲಸ ಬೇರೆ ಇತ್ತು. ಹಳ್ಳಿಯವ್ನು ಒಂದು ಶಾಲೆ ಹೆಂಚಿಗೆ ಬೆಂಗಳೂರಿಗೆ ಯಾಕೆ ಬರ್ಬೇಕು ಅಂತ ಕೇಳಿದ ಮಂತ್ರಿ ಅವ್ರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಕಾಯ್ದೆ ತಂದ್ರು, 1987 ಜನವರೀಲಿ ಚುನಾವಣೆ ಆಯ್ತು, ಹೆಂಗಸರಿಗೆ 25 ಪರ್ಸೆಂಟ್ ಸ್ಥಾನ. ದೇಶಕ್ಕೆಲ್ಲ ಪಂಚಾಯ್ತಿ ವ್ಯವಸ್ಥೆ ತಂದ ಸಂವಿಧಾನದ 73ನೇ ತಿದ್ದುಪಡಿ ಬರೋದಕ್ಕೆ ಐದಾರು ವರ್ಷ ಮೊದ್ಲೇ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟಿದ್ರು. ಒಬ್ಬ ಮಂತ್ರಿ ತನ್ನ ಕೈಲಿರೋ ಅಧಿಕಾರನ ತಾನೇ ಕೆಳಗೆ ಇಳಿಸಿದ್ದು ಅದು. ಆಗ ಎಷ್ಟೋ ಶಾಸಕರಿಗೆ ಇದು ಇಷ್ಟ ಇರ್ಲಿಲ್ಲ, ನಮ್ಮ ಹತ್ರ ಇನ್ನು ಯಾರು ಬರ್ತಾರೆ ಅಂತ ಕಾರಿಡಾರಲ್ಲೇ ಮಾತಾಡ್ಕೊಳ್ಳೋರು, ನಾನೇ ಕೇಳಿದೀನಿ. 1988ರಲ್ಲಿ ಮಂತ್ರಿ ಆಗಿದ್ದಾಗಲೇ ಕ್ಯಾನ್ಸರ್‌ನಲ್ಲಿ ಹೋದ್ರು. ಆವತ್ತು ನಮ್ಮ ಸೆಕ್ಷನ್ನಲ್ಲಿ ಜವಾನನಿಂದ ಹಿಡಿದು ಎಲ್ರೂ ಅತ್ತಿದ್ದು ನೆನಪಿದೆ.

ವೈಟ್‌ಫೀಲ್ಡ್_ವೋಟರ್
@ನಿವೃತ್ತ_ಸೆಕ್ಷನ್ ಸರ್ ಇದನ್ನೇ ನಾನು ಹೇಳೋಕೆ ಹೊರಟಿದ್ದು, ಸರಿಯಾಗಿ ಹೇಳೋಕೆ ಬರ್ಲಿಲ್ಲ. ಮಂತ್ರಿ ಅಂದ್ರೆ ಇದು.

ಬೆಳವಲ_ಸೀಮೆ
ಹೌದಲ್ರಿ, ಆದ್ರ ಎಲ್ರೂ ನಜೀರ್ ಸಾಬ್ ಆಗೂತನಾ ನಮ್ ಕಡ್ಲಿ ಒಣಗ್ತಾವಲ್ರಿ.

ಪಂಚಾಯ್ತಿ_ಅಕ್ಕ
ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವಳು ನಾನು, 2020 ಡಿಸೆಂಬರ್ ಚುನಾವಣೇಲಿ ಗೆದ್ದಿದ್ದು. ಈಗ ಮಗಳ ಓದಿಗೆ ಅಂತ ಬೆಂಗಳೂರಲ್ಲಿ ಅರ್ಧ, ಊರಲ್ಲಿ ಅರ್ಧ. ಇಷ್ಟೊತ್ತು ಎಲ್ರೂ ಮಾತಾಡಿದ್ರಿ, ಅಸಲು ವಿಷ್ಯ ಯಾರೂ ಹೇಳ್ಲಿಲ್ಲ.

ಜಿಲ್ಲಾ ಪಂಚಾಯ್ತಿ ತಾಲೂಕು ಪಂಚಾಯ್ತಿ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಅಲ್ಲಿಂದ ಕ್ಷೇತ್ರ ಮರುವಿಂಗಡಣೆ ಅಂತೆ, ಮೀಸಲಾತಿ ಪಟ್ಟಿ ಅಂತೆ, ಕೋರ್ಟ್ ಅಂತೆ, ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕೂತಿದ್ದು. ಮೊದ್ಲು ನಮ್ಮ ಹೋಬಳಿಗೆ ಒಬ್ರು ಜಿಲ್ಲಾ ಪಂಚಾಯ್ತಿ ಮೆಂಬರ್ ಇದ್ರು, ಮೂರ್ನಾಲ್ಕು ಜನ ತಾಲೂಕು ಪಂಚಾಯ್ತಿ ಮೆಂಬರ್ಸ್. ರಸ್ತೆ ಗುಂಡಿ, ಶಾಲೆ ಮೇಲ್ಛಾವಣಿ, ಹಾಸ್ಟೆಲ್ ಊಟ, ಪಿಂಚಣಿ ಅಂದ್ರೆ ಅವ್ರ ಮನೆ ಬಾಗಿಲು ತಟ್ತಿದ್ವಿ, ಸೈಕಲ್ಲಲ್ಲಿ ಹೋದ್ರೆ ಹತ್ತು ನಿಮಿಷ. ಆ ಮೆಟ್ಟಿಲನ್ನೇ ಕಿತ್ತಾಕಿದ್ದಾರೆ. ಈಗ ನಮ್ಮ ಪಂಚಾಯ್ತಿ ಬಿಟ್ರೆ ಸೀದಾ ಎಮ್ಮೆಲ್ಲೆ. ಹಂಗಿದ್ಮೇಲೆ ಅವ್ರ ಮನೆ ಮುಂದೆ ಇನ್ನೂರು ಜನ ನಿಲ್ದೆ ಇನ್ನೆಲ್ಲಿ ನಿಲ್ತಾರೆ?

ಇದರಲ್ಲಿ ನನಗೆ ಸಿಟ್ಟು ಬರೋದು ಯಾಕಂದ್ರೆ, ಈ ಚುನಾವಣೆ ಮಾಡಿ ಅಂತ ಸದನದಲ್ಲಿ ಗಟ್ಟಿಯಾಗಿ ಕೇಳ್ಬೇಕಾದವ್ರು ಇದೇ ಶಾಸಕರು. ಯಾವ ಪಕ್ಷದ ಸರ್ಕಾರ ಇದ್ರೂ ಆ ದನಿ ಸಣ್ಣದೇ. ತಾಲೂಕು ಕೆಡಿಪಿ (ಅಭಿವೃದ್ಧಿ ಕೆಲಸದ ಪರಿಶೀಲನೆ) ಸಭೆಗೆ ಶಾಸಕರೇ ಅಧ್ಯಕ್ಷರು, ಮನೆ ಹಂಚೋ ಆಶ್ರಯ ಸಮಿತಿಗೆ ಅವ್ರೇ, ಸರ್ಕಾರಿ ಜಮೀನು ಉಳ್ತಿರೋರ ಸಾಗುವಳಿ ಸಕ್ರಮ ಮಾಡೋ ಬಗರ್ ಹುಕುಂ ಸಮಿತಿಗೂ ಅವ್ರೇ. ಎಲ್ಲಾ ತಲೆ ಮೇಲೆ ಹೊತ್ಕೊಂಡು ಆಮೇಲೆ ಭಾರ ಅಂದ್ರೆ ಹೆಂಗೆ?

ಹಳೇ_ಪಿಎ
@ಪಂಚಾಯ್ತಿ_ಅಕ್ಕ ತಾಯಿ, ನೀವು ಹೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಜನ ಬರೋದು ಕಡಿಮೆ ಆದ ದಿನ ನಮ್ಮ ಸಾಹೇಬ್ರಿಗೆ ಭಯ ಆಗ್ತಿತ್ತು, ಇದನ್ನ ನಾನು ಕಣ್ಣಾರೆ ನೋಡಿದೀನಿ. 'ಇವತ್ತು ಯಾಕೋ ಜನ ಕಮ್ಮಿ' ಅಂತ ಎರಡು ಮೂರು ಸಲ ಕೇಳೋರು. ಸುಸ್ತಾಗಿ ಸಾಯ್ತಿದ್ರೂ ಆ ಜನ ಬೇಕಿತ್ತು ಅವ್ರಿಗೆ.

ಗ್ಯಾಲರಿ_ಸೀಟು
@ಪಂಚಾಯ್ತಿ_ಅಕ್ಕ ನಿಮ್ಮ ಮಾತು ನೂರಕ್ಕೆ ನೂರು. ಒಂದು ಸಣ್ಣ ತಿದ್ದುಪಡಿ, ಪ್ರಶ್ನೆ ಕೇಳಿದ ಶಾಸಕರೂ ಇದ್ದಾರೆ, ವಿಧಾನ ಪರಿಷತ್ತಲ್ಲೂ ಕೇಳಿದ್ದಾರೆ. ಅಲ್ಲಿ 75 ಜನರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳ ವೋಟಿಂದಲೇ ಬರೋರು, ಅವ್ರು ಸುಮ್ನಿರೋದು ಸರಿಯಲ್ಲ. ಆದ್ರೆ ಒಬ್ರು ಇಬ್ರು ಕೇಳಿದ್ರೆ ಆಗಲ್ಲ, ಅದಂತೂ ನಿಜ.

ಕರಾವಳಿ_ಗಾಳಿ
ವಿಷಯಾಂತರಕ್ಕೆ ಕ್ಷಮಿಸಿ, ಎಲ್ಎಚ್ ಕ್ಯಾಂಟೀನ್ ಈಗ್ಲೂ ಇದ್ಯಾ? 15 ವರ್ಷ ಹಿಂದೆ ಅಲ್ಲಿ ಇಡ್ಲಿ ತಿಂದ ನೆನಪು, ಚಟ್ನಿ ಚೆನ್ನಾಗಿತ್ತು.

ರಾಗಿಮುದ್ದೆ_77
@ಕರಾವಳಿ_ಗಾಳಿ ನಾವಿದ್ದಾಗ ಅಪ್ಪ ತಿನ್ನೋಕೆ ಆಗ್ತಿದ್ದಿದ್ದು ಅದೊಂದೇ ಇಡ್ಲಿ. ಎರಡು ತರ್ತಿದ್ದೆ, ಒಂದು ತಿನ್ನೋರು.

ತುಂಗಾ_ತೀರ
ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕೆತ್ತಿದ್ದು ಕೆಂಗಲ್ ಹನುಮಂತಯ್ಯನವರ ಕಾಲದ್ದು. ನಾನು ಚಿಕ್ಕವನಿದ್ದಾಗ ದೊಡ್ಡಜ್ಜ ಕರ್ಕೊಂಡು ಹೋಗಿ ಅದನ್ನ ಓದಿಸಿದ್ರು. ನಂತರ ಒಳಗೆ ಪಾಸ್ ಇಲ್ಲ ಅಂತ ಬಿಡ್ಲಿಲ್ಲ, ಮಾಜಿ ಶಾಸಕ ಅಂತ ಹೇಳೋಕೆ ಅವ್ರು ಒಪ್ಲಿಲ್ಲ. ಕಬ್ಬನ್ ಪಾರ್ಕಲ್ಲಿ ಕಡ್ಲೇಕಾಯಿ ತಿಂದು ಶಿವಮೊಗ್ಗ ಬಸ್ ಹತ್ತಿದ್ವಿ.

ನಿವೃತ್ತ_ಸೆಕ್ಷನ್
@ಹೆಬ್ಬಾಳದ_ಹುಡುಗ ನಿಮ್ಮ ಮಾವನ ವಿಷಯಕ್ಕೆ ಬರ್ತೀನಿ, ಅದನ್ನ ಎಲ್ರೂ ಮರೆತ್ರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರೆಲ್ಲರ ಆಧಾರ್ ಇಟ್ಕೊಂಡು ನಾಡಕಚೇರಿಲಿ ಅರ್ಜಿ ಕೊಡ್ಲಿ. ಮುಖ್ಯ ವಿಷಯ, ಸಕಾಲ (ಇಂತಿಷ್ಟು ದಿನದಲ್ಲಿ ಸೇವೆ ಕೊಡ್ಬೇಕು ಅನ್ನೋ ಯೋಜನೆ) ಸ್ವೀಕೃತಿ ಕೇಳಿ ತಗೋಬೇಕು, ನಂಬರ್ ಇರುತ್ತೆ. ಆ ನಂಬರ್ ಇದ್ರೆ ತಡ ಆದಾಗ ಮೇಲ್ಮನವಿ ಹಾಕ್ಬೋದು. ತಕರಾರು ಇಲ್ಲ ಅಂದ್ರೆ ನೋಟಿಸ್ ಅವಧಿ ಮುಗಿದ ಮೇಲೆ ರೆವಿನ್ಯೂ ಇನ್ಸ್‌ಪೆಕ್ಟರ್ ಹಂತದಲ್ಲೇ ಮ್ಯುಟೇಷನ್ (ಖಾತೆ ಬದಲಾವಣೆ) ಆಗುತ್ತೆ. ಯಾರಾದ್ರೂ ತಕರಾರು ಹಾಕಿದ್ರೆ ತಹಶೀಲ್ದಾರ್ ಹತ್ರ ಹೋಗುತ್ತೆ. ನಿಮ್ಮ ಮಾವ 11 ವರ್ಷದಲ್ಲಿ ಸ್ವೀಕೃತಿ ತಗೊಂಡಿದ್ದಾರಾ?

ಹೆಬ್ಬಾಳದ_ಹುಡುಗ
ಎಲ್ರಿಗೂ ಧನ್ಯವಾದ. ಫೋನ್ ಮಾಡಿ ಕೇಳ್ದೆ. ಎರಡು ಸಲ ಅರ್ಜಿ ಕೊಟ್ಟಿದ್ದಾರಂತೆ, ಎರಡೂ ಸಲ ಕೈಲಿ ಕೊಟ್ಟು ಬಂದಿದ್ದಾರೆ, ರಸೀದಿ ಯಾರೂ ಕೊಟ್ಟಿಲ್ಲ, ಇವ್ರು ಕೇಳಿಲ್ಲ. ಮೊದಲನೇ ಸಲ ಅವತ್ತಿನ ತಾಲೂಕು ಪಂಚಾಯ್ತಿ ಮೆಂಬರ್ ಜೊತೆಗೆ ಹೋಗಿದ್ದಂತೆ, ಆಗ ಕೆಲಸ ಅರ್ಧ ಆಗಿತ್ತು, ಅಷ್ಟರಲ್ಲಿ ಅವ್ರ ಅವಧಿ ಮುಗೀತು. ಅಕ್ಕ ಹೇಳಿದ್ದು ನಮ್ಮ ಮನೇಲೇ ನಡೆದಿದೆ, ನನಗೇ ಗೊತ್ತಿರ್ಲಿಲ್ಲ.

ಶನಿವಾರ ಊರಿಗೆ ಹೋಗ್ತಿದ್ದೀನಿ. ವಂಶವೃಕ್ಷದಲ್ಲಿ ನಮ್ಮಮ್ಮನ ಹೆಸರೂ ಬರ್ಬೇಕಲ್ವಾ, ಅಮ್ಮ ಮದುವೆಯಾಗಿ ಬೇರೆ ತಾಲೂಕಿಗೆ ಹೋದವ್ರು, ಅವ್ರು ಖುದ್ದಾಗಿ ಬರ್ಬೇಕಾ?

ನಿವೃತ್ತ_ಸೆಕ್ಷನ್
ಹೆಣ್ಣುಮಕ್ಕಳ ಹೆಸರು ಬಿಡೋಹಾಗೇ ಇಲ್ಲ, ಬಿಟ್ರೆ ನಾಳೆ ಅದೇ ತಕರಾರು ಆಗುತ್ತೆ. ಅಮ್ಮನ್ನೂ ಕರ್ಕೊಂಡು ಹೋಗಿ.

ಬೆಳವಲ_ಸೀಮೆ
ಸರ್ರ, ನಮ್ಮ ಕಾಕಾಂದೂ ಹಿಂಗ ಐತ್ರಿ, ತಕರಾರು ಹಾಕಿದವ್ರು ಪುಣಾದಾಗ ಅದಾರ. ನೋಟಿಸ್ ಯಾರಿಗೆ ಮುಟ್ಟಿಸ್ಬೇಕ್ರಿ?